ನಮ್ಮ ಮೀಟರಿನ ಲೆಕ್ಕ ನಮ್ಮ ಕೈಗೂ ಸಿಗಲಿ: ಪೀಣ್ಯದಿಂದ ಒಂದು ಬಹಿರಂಗ ಪತ್ರ

ಇವರಿಗೆ,
ರಾಜ್ಯದ ಮುಖ್ಯಮಂತ್ರಿಗಳೂ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಧ್ಯಕ್ಷರೂ ಆದ ಮಾನ್ಯರು,
ಹಾಗೂ ಇಂಧನ ಇಲಾಖೆ, ಬೆಸ್ಕಾಂ, ಬೆಂಗಳೂರು ಜಲಮಂಡಳಿ ಮತ್ತು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಖ್ಯಸ್ಥರು.

ವಿಷಯ: ಸಣ್ಣ ಕೈಗಾರಿಕೆಗಳಿಗೆ ಅವುಗಳದೇ ವಿದ್ಯುತ್ ಬಳಕೆಯ ಗಂಟೆವಾರು ಲೆಕ್ಕ ದೊರಕಿಸುವುದು ಮತ್ತು ಡೇಟಾ ಸೆಂಟರ್‌ಗಳ ವಿದ್ಯುತ್, ನೀರಿನ ಲೆಕ್ಕವನ್ನು ಬಹಿರಂಗಪಡಿಸುವುದು.

ಮಾನ್ಯರೇ,

ಪೀಣ್ಯ ಎರಡನೇ ಹಂತದಲ್ಲಿ ಬೋಲ್ಟು, ಸ್ಟಡ್ಡು ಮತ್ತು ಸಣ್ಣಪುಟ್ಟ ಟರ್ನಿಂಗ್ ಬಿಡಿಭಾಗಗಳನ್ನು ತಯಾರಿಸುವ ಶೆಡ್ಡೊಂದನ್ನು ಇಪ್ಪತ್ತಮೂರು ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇನೆ. ಆರು ಮೆಷಿನ್ನುಗಳು, ಹದಿನಾಲ್ಕು ಜನ ಕೆಲಸಗಾರರು, ಒಂದು ಎಲ್‌ಟಿ (ಕಡಿಮೆ ವೋಲ್ಟೇಜಿನ) ವಿದ್ಯುತ್ ಸಂಪರ್ಕ, ಇಷ್ಟೇ ನಮ್ಮ ಪ್ರಪಂಚ. ಹನ್ನೊಂದು ವರ್ಷಗಳಿಂದ ನಮ್ಮಿಂದ ಮಾಲು ಕೊಳ್ಳುತ್ತಿರುವ ಕಂಪನಿಯೊಂದು ಕೆಲವು ತಿಂಗಳ ಹಿಂದೆ ಎಕ್ಸೆಲ್ ಹಾಳೆಯೊಂದನ್ನು ಕಳುಹಿಸಿ, ಹದಿನೈದು ದಿನಗಳೊಳಗೆ ತುಂಬಿಕೊಡಬೇಕೆಂದು ಕೇಳಿತು. ಬೆಲೆ, ಅಳತೆ, ಗಡಸುತನದ ಕಾಲಮ್ಮುಗಳು ನಮಗೆ ಹೊಸವಲ್ಲ. ಈ ಹಾಳೆಯಲ್ಲಿದ್ದ ಪ್ರಶ್ನೆಗಳೇ ಬೇರೆ. ಒಂದು ಕಿಲೋ ಬೋಲ್ಟು ತಯಾರಿಸಲು ಎಷ್ಟು ಯೂನಿಟ್ ವಿದ್ಯುತ್ ಖರ್ಚಾಗುತ್ತದೆ, ಅದರಲ್ಲಿ ಸೌರ ಮತ್ತು ಪವನ ಮೂಲದ್ದು ಎಷ್ಟು, ಡೀಸೆಲ್ ಜನರೇಟರ್ ತಿಂಗಳಿಗೆ ಎಷ್ಟು ಗಂಟೆ ಓಡುತ್ತದೆ, ಹೀಟ್ ಟ್ರೀಟ್‌ಮೆಂಟಿಗೂ (ಕಾಯಿಸಿ ಗಟ್ಟಿಗೊಳಿಸುವುದು) ಪ್ಲೇಟಿಂಗಿಗೂ (ಲೋಹದ ಲೇಪ ಕೊಡುವುದು) ಹೊರಗೆ ಕೊಟ್ಟಾಗ ಅಲ್ಲಿನ ಬಳಕೆ ಎಷ್ಟು ಎಂದು ಅದು ಕೇಳಿತ್ತು. ನನ್ನ ಬಳಿ ಇದ್ದದ್ದು ಹನ್ನೆರಡು ತಿಂಗಳ ಹನ್ನೆರಡು ಕರೆಂಟ್ ಬಿಲ್ಲುಗಳು ಮಾತ್ರ. ಅವುಗಳನ್ನು ಕೂಡಿ, ವರ್ಷದ ಒಟ್ಟು ತೂಕದಿಂದ ಭಾಗಿಸಿ ಬಂದ ಒಂದು ಅಂಕಿಯನ್ನು ಬರೆದುಕೊಟ್ಟೆ. ಅದು ಸುಳ್ಳಲ್ಲ, ಆದರೆ ಅದರಿಂದ ಯಾರಿಗೂ, ಮುಖ್ಯವಾಗಿ ನನಗೇ, ಏನೂ ತಿಳಿಯುವಂತಿರಲಿಲ್ಲ.

ಈ ಹಾಳೆ ಒಬ್ಬ ಖರೀದಿ ಅಧಿಕಾರಿಯ ತಲೆಯಲ್ಲಿ ಹುಟ್ಟಿದ್ದಲ್ಲ. ಹೊರಗಿನಿಂದ ಬರುವ ಸರಕಿನ ತಯಾರಿಕೆಯಲ್ಲಿ ಎಷ್ಟು ಇಂಗಾಲ ಹೊರಬಿದ್ದಿದೆ ಎಂಬ ಲೆಕ್ಕ ಕೇಳುವ ನಿಯಮವನ್ನು ಯುರೋಪಿಯನ್ ಒಕ್ಕೂಟ 2023ರ ಅಕ್ಟೋಬರ್ 1ರಿಂದ ವರದಿಯ ಮಟ್ಟದಲ್ಲಿಯೂ 2026ರ ಜನವರಿ 1ರಿಂದ ಪೂರ್ಣವಾಗಿಯೂ ಜಾರಿಗೆ ತಂದಿದೆ; ಅದರ ಕಬ್ಬಿಣ ಮತ್ತು ಉಕ್ಕಿನ ಪಟ್ಟಿಯಲ್ಲಿ ಬೋಲ್ಟು, ನಟ್ಟು, ಸ್ಕ್ರೂಗಳೂ ಸೇರಿವೆ. ನಮ್ಮ ದೇಶದಲ್ಲಿಯೇ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯು ಷೇರುಪೇಟೆಯ ಅತಿದೊಡ್ಡ 1,000 ಕಂಪನಿಗಳಿಗೆ 2022-23ರ ಸಾಲಿನಿಂದ ಪರಿಸರ ಮತ್ತು ಸಾಮಾಜಿಕ ಹೊಣೆಯ ವರದಿಯನ್ನು ಕಡ್ಡಾಯ ಮಾಡಿದೆ. ದೊಡ್ಡ ಕಂಪನಿ ತನ್ನ ಲೆಕ್ಕ ಕೊಡಬೇಕಾದರೆ ತನಗೆ ಮಾಲು ಕೊಡುವವರನ್ನು ಕೇಳುತ್ತದೆ, ಅವರು ತಮಗೆ ಕೊಡುವವರನ್ನು ಕೇಳುತ್ತಾರೆ, ಕೊನೆಗೆ ಆ ಪ್ರಶ್ನೆ ಪೀಣ್ಯದ ಶೆಡ್ಡಿನ ಬಾಗಿಲಿಗೆ ಬಂದು ನಿಲ್ಲುತ್ತದೆ. ಉತ್ತರ ಕೊಡಲಾರದವನ ಜಾಗಕ್ಕೆ ಕೊಡಬಲ್ಲವನು ಬರುತ್ತಾನೆ. ಅವನು ಪುಣೆಯವನಾಗಿರಬಹುದು, ಕೊಯಮತ್ತೂರಿನವನಾಗಿರಬಹುದು, ಬೇರೆ ದೇಶದವನೇ ಆಗಿರಬಹುದು.

ನಗರದ ಆರ್ಥಿಕತೆ ಹಸಿರಾಗುವುದು ಎಂದರೆ ಎಲೆಕ್ಟ್ರಿಕ್ ಬಸ್ಸು, ಮೆಟ್ರೊ, ಚಾವಣಿಯ ಸೌರ ಫಲಕ ಎಂದು ನಾವೆಲ್ಲ ತಿಳಿದಿದ್ದೇವೆ. ಅವೆಲ್ಲವೂ ಬೇಕು, ಮೆಟ್ರೊ ಪೀಣ್ಯಕ್ಕೆ ಬಂದ ಮೇಲೆ ನಮ್ಮ ಕೆಲಸಗಾರರ ಓಡಾಟ ಎಷ್ಟು ಸಲೀಸಾಯಿತೆಂಬುದನ್ನು ನಾನೇ ಕಂಡಿದ್ದೇನೆ. ಆದರೆ ಈ ನಗರ ದುಡಿಯುವ ಜಾಗಗಳಲ್ಲಿ, ಅಂದರೆ ಪೀಣ್ಯ, ಬೊಮ್ಮಸಂದ್ರ, ಜಿಗಣಿಗಳ ಸಾವಿರಾರು ಶೆಡ್ಡುಗಳಲ್ಲಿ, ಹಸಿರು ಎಂಬುದು ಮೊದಲು ಒಂದು ಅಳತೆಯಾಗಿ ಬರುತ್ತದೆ. ಆ ಅಳತೆಯನ್ನು ಹಿಡಿದಿಡುವ ಮೀಟರು, ಸಾಗಿಸುವ ಜಾಲ, ಕೂಡಿಡುವ ಸರ್ವರ್ ಇವೇ ಇಂದಿನ ಡಿಜಿಟಲ್ ಮೂಲಸೌಕರ್ಯ. ಅದರ ಬಗ್ಗೆ ನನಗೆ ಹೇಳಲು ಇರುವುದು ಒಂದೇ ಮಾತು: ಅಳೆಸಿಕೊಂಡವನಿಗೆ ತನ್ನ ಅಳತೆ ಸಿಗಬೇಕು, ಮತ್ತು ಎಲ್ಲರನ್ನೂ ಅಳೆಯುವ ಆ ವ್ಯವಸ್ಥೆ ತನ್ನ ಅಳತೆಯನ್ನೂ ಎಲ್ಲರ ಮುಂದೆ ಇಡಬೇಕು.

ಮೊದಲನೆಯದನ್ನು ನನ್ನ ಶೆಡ್ಡಿನಲ್ಲೇ ನಡೆದುದರಿಂದ ವಿವರಿಸುತ್ತೇನೆ. ಆ ಹಾಳೆ ಬಂದ ಮೇಲೆ, ಎಂಜಿನಿಯರಿಂಗ್ ಓದುತ್ತಿರುವ ನನ್ನ ತಮ್ಮನ ಮಗ ವೈರಿಗೆ ಕ್ಲಿಪ್ಪಿನಂತೆ ಸಿಕ್ಕಿಸುವ ಸಣ್ಣ ಮಾಪಕಗಳನ್ನು ತಂದು ಒಂದೊಂದು ಮೆಷಿನ್ನಿಗೂ ಹಾಕಿದ. ಒಂದು ಭಾನುವಾರ ಮಧ್ಯಾಹ್ನ ಮನೆಯಲ್ಲಿ ಊಟ ಮಾಡುತ್ತಿದ್ದಾಗ ಅವನು ಮೊಬೈಲ್ ಮುಂದೆ ಹಿಡಿದು, 'ದೊಡ್ಡಪ್ಪ, ಇವತ್ತು ಶೆಡ್ಡಿನಲ್ಲಿ ಯಾರಿದ್ದಾರೆ?' ಎಂದು ಕೇಳಿದ. ಯಾರೂ ಇರಲಿಲ್ಲ. ಆದರೆ ಹತ್ತು ಹೆಚ್‌ಪಿ ಕಂಪ್ರೆಸರ್ ಸ್ವಲ್ಪ ಹೊತ್ತು ಓಡುವುದು, ನಿಲ್ಲುವುದು, ಮತ್ತೆ ಓಡುವುದು ಪರದೆಯ ಮೇಲೆ ಗರಗಸದ ಹಲ್ಲಿನಂತೆ ಕಾಣುತ್ತಿತ್ತು. ಶನಿವಾರ ಸಂಜೆ ಯಾರೋ ಅದರ ಸ್ವಿಚ್ ಆರಿಸದೆ ಹೋಗಿದ್ದರು. ಅದು ಒಂದು ದಿನದ ಮರೆವು, ದೊಡ್ಡ ವಿಷಯವಲ್ಲ. ಯಾವ ಮೆಷಿನ್ನೂ ಗಾಳಿ ಬಳಸದಿದ್ದಾಗ ಟ್ಯಾಂಕಿನ ಗಾಳಿ ಎಲ್ಲಿಗೆ ಹೋಗುತ್ತಿತ್ತು ಎಂಬುದೇ ಪ್ರಶ್ನೆ. ನಾವಿಬ್ಬರೂ ಕೂಡಲೇ ಶೆಡ್ಡಿಗೆ ಹೋದೆವು. ವಾರದ ದಿನಗಳ ಸದ್ದಿನಲ್ಲಿ ಎಂದೂ ಕೇಳಿಸದ ಸುಯ್ ಎಂಬ ದನಿ ಆ ನಿಶ್ಶಬ್ದದಲ್ಲಿ ಗೋಡೆಯುದ್ದಕ್ಕೂ ಕೇಳುತ್ತಿತ್ತು. ಬಕೆಟ್ಟಿನಲ್ಲಿ ಸೋಪಿನ ನೀರು ಕಲಸಿ, ಬ್ರಷ್ಷಿನಿಂದ ಪೈಪಿನ ಒಂದೊಂದು ಜೋಡಣೆಗೂ ಹಚ್ಚುತ್ತಾ ಹೋದಾಗ, ಒಂಬತ್ತು ಕಡೆ ನೊರೆ ಉಬ್ಬಿತು. ಮೂರನೇ ಮೆಷಿನ್ನಿನ ಹಿಂದಿನ ಹೋಸ್ ಪೈಪಿನ ಬಿರುಕಿನಲ್ಲಿ ನನ್ನ ಕಿರುಬೆರಳಿನ ಉಗುರು ಹೋಗುವಷ್ಟು ಜಾಗವಿತ್ತು. ಕಂಪ್ರೆಸರ್ ಕೊಡುವ ಗಾಳಿಯಲ್ಲಿ ಶೇ 20ರಿಂದ 30ರಷ್ಟು ಸೋರಿಯೇ ಹೋಗುವುದು ಕಾರ್ಖಾನೆಗಳಲ್ಲಿ ಅಪರೂಪವೇನಲ್ಲ ಎಂದು ಆಮೇಲೆ ಓದಿ ತಿಳಿದುಕೊಂಡೆ. ಆ ಒಂಬತ್ತು ತೂತುಗಳನ್ನು ಮುಚ್ಚಲು ತಗುಲಿದ್ದು ಕೆಲವು ನೂರು ರೂಪಾಯಿ ಮತ್ತು ಒಂದು ಮಧ್ಯಾಹ್ನ. ವರ್ಷಗಟ್ಟಲೆ ನಾನು ಬಿಲ್ಲು ಕಟ್ಟುತ್ತಾ ಬಂದದ್ದು ಆ ಸುಯ್ ಎಂಬ ದನಿಗೂ ಸೇರಿತ್ತು. ತಿಂಗಳಿಗೊಂದು ಅಂಕಿಯಲ್ಲಿ ಅದು ಕಾಣಲು ಸಾಧ್ಯವೇ ಇರಲಿಲ್ಲ, ಹದಿನೈದು ನಿಮಿಷಕ್ಕೊಂದು ಅಂಕಿಯಲ್ಲಿ ಅಡಗಿಕೊಳ್ಳಲು ಸಾಧ್ಯವಿರಲಿಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಇದಕ್ಕೂ ಮೊದಲು, ಖಾಸಗಿ ಸಂಸ್ಥೆಯೊಂದು ಇಂಥದೇ ಮಾಪಕಗಳನ್ನು ಹಾಕಿ ತಿಂಗಳ ಬಾಡಿಗೆಗೆ ಡ್ಯಾಶ್‌ಬೋರ್ಡ್ ಕೊಡುತ್ತೇವೆಂದು ಬಂದಿತ್ತು. ಎರಡು ವರ್ಷ ಹಣ ಕಟ್ಟಿದೆವು. ಕೊರೊನಾ ನಂತರ ಕೆಲಸ ಕಡಿಮೆಯಾದಾಗ ಬಾಡಿಗೆ ನಿಲ್ಲಿಸಿದೆವು. ಮಾರನೆಯ ವಾರ ಪರದೆ ಖಾಲಿಯಾಯಿತು, ಎರಡು ವರ್ಷದ ನಮ್ಮ ಲೆಕ್ಕವನ್ನು ಒಂದು ಫೈಲಾಗಿಯಾದರೂ ಕೊಡಿ ಎಂದು ಕೇಳಿದರೆ ಒಪ್ಪಂದದಲ್ಲಿ ಅದಿಲ್ಲ ಎಂದರು. ವಿದ್ಯುತ್ ನಮ್ಮದು, ಬಿಲ್ಲು ನಮ್ಮದು, ಮೆಷಿನ್ ನಮ್ಮದು, ಅಳತೆ ಮಾತ್ರ ಬೇರೆಯವರದು.

ಆದ್ದರಿಂದ ನನ್ನ ಮೊದಲ ಬೇಡಿಕೆಗೆ ಹೊಸ ಕಾನೂನೇ ಬೇಕಾಗಿಲ್ಲ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ಕೇಂದ್ರ ಸರ್ಕಾರ 2023ರಲ್ಲಿ ಮಾಡಿದ ತಿದ್ದುಪಡಿಯು, ಸ್ಮಾರ್ಟ್ ಮೀಟರನ್ನು ದಿನಕ್ಕೆ ಒಮ್ಮೆಯಾದರೂ ದೂರದಿಂದಲೇ ಓದಬೇಕು ಮತ್ತು ಆ ಮಾಹಿತಿಯನ್ನು ಗ್ರಾಹಕನೊಂದಿಗೆ ಹಂಚಿಕೊಳ್ಳಬೇಕು ಎಂದು ಹೇಳುತ್ತದೆ. ನಮ್ಮ ರಾಜ್ಯದಲ್ಲಿ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ 2025ರಿಂದ ಬಂದಿದೆ. ಅದರ ಬೆಲೆಯ ಬಗ್ಗೆ ಬಹಳ ಚರ್ಚೆ ನಡೆಯಿತು, ನಡೆಯಬೇಕಾದದ್ದೇ. ಆದರೆ ಹಣ ಕೊಟ್ಟು ಮೀಟರ್ ಹಾಕಿಸಿಕೊಂಡವನಿಗೆ ಅದರಿಂದ ಏನು ಸಿಗಬೇಕು ಎಂಬ ಚರ್ಚೆ ಅಷ್ಟು ನಡೆಯಲಿಲ್ಲ. ಮೀಟರ್ ತನ್ನೊಳಗೆ ಹದಿನೈದು ಅಥವಾ ಮೂವತ್ತು ನಿಮಿಷಕ್ಕೊಮ್ಮೆ ಬಳಕೆಯನ್ನು ದಾಖಲಿಸುತ್ತದೆ. ಆ ದಾಖಲೆ ಬಿಲ್ಲು ಮಾಡುವವರಿಗಷ್ಟೇ ಅಲ್ಲದೆ ಬಿಲ್ಲು ಕಟ್ಟುವವನಿಗೂ, ಪೂರ್ತಿಯಾಗಿ, ಉಚಿತವಾಗಿ, ಕಂಪ್ಯೂಟರ್ ಓದಬಲ್ಲ ಫೈಲಿನ ರೂಪದಲ್ಲಿ ಸಿಗಬೇಕು. ಅಮೆರಿಕದಲ್ಲಿ 2012ರಿಂದ 'ಗ್ರೀನ್ ಬಟನ್' ಎಂಬ ಹೆಸರಿನಲ್ಲಿ ವಿದ್ಯುತ್ ಕಂಪನಿಗಳು ಗ್ರಾಹಕನ ಬಳಕೆಯನ್ನು ಹೀಗೆ ಇಳಿಸಿಕೊಳ್ಳಲು ಕೊಡುತ್ತಾ ಬಂದಿವೆ. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಬ್ಯಾಂಕ್ ಖಾತೆಯ ವಿವರವನ್ನು ನಮ್ಮ ಒಪ್ಪಿಗೆಯ ಮೇಲೆ, ನಾವು ಹೇಳಿದವರಿಗೆ, ನಾವು ಹೇಳಿದಷ್ಟು ದಿನಗಳಿಗೆ ಮಾತ್ರ ಕಳುಹಿಸುವ ಅಕೌಂಟ್ ಅಗ್ರಿಗೇಟರ್ ಎಂಬ ವ್ಯವಸ್ಥೆ ರಿಸರ್ವ್ ಬ್ಯಾಂಕಿನ ನಿಯಮದಡಿ ದೇಶದಲ್ಲಿ 2021ರಿಂದ ನಡೆಯುತ್ತಿದೆ. ಸಾಲಕ್ಕೆ ಬೇಕಾದ ಲೆಕ್ಕವನ್ನು ಹೀಗೆ ಕಳುಹಿಸಬಹುದಾದರೆ ವಿದ್ಯುತ್ತಿನ ಲೆಕ್ಕವನ್ನು ಕಳುಹಿಸಲು ಏನಡ್ಡಿ?

ಇದು ಏಕೆ ಬೇಕೆಂದರೆ, ಒಂದು ಬೋಲ್ಟು ಒಂದೇ ಶೆಡ್ಡಿನಲ್ಲಿ ತಯಾರಾಗುವುದಿಲ್ಲ. ನಮ್ಮಲ್ಲಿ ಕತ್ತರಿಸಿ, ತಿರುವಿ, ಥ್ರೆಡ್ (ತಿರುಪಿನ ಸುರುಳಿ) ಹಾಕಿದ ಮೇಲೆ ಅದು ಟೆಂಪೊ ಹತ್ತಿ ಎರಡು ಕ್ರಾಸ್ ಆಚೆಯ ಹೀಟ್ ಟ್ರೀಟ್‌ಮೆಂಟ್ ಕುಲುಮೆಗೆ ಹೋಗುತ್ತದೆ, ಅಲ್ಲಿಂದ ಪ್ಲೇಟಿಂಗಿಗೆ, ಅಲ್ಲಿಂದ ವಿಂಗಡಣೆ ಮತ್ತು ಪ್ಯಾಕಿಂಗಿಗೆ. ನಾಲ್ಕು ಶೆಡ್ಡು, ನಾಲ್ಕು ಮೀಟರು, ನಾಲ್ವರು ಮಾಲೀಕರು. ಹೆಚ್ಚು ವಿದ್ಯುತ್ ತಿನ್ನುವುದು ನನ್ನ ಲೇತ್ ಅಲ್ಲ, ಆ ಕುಲುಮೆ. ಅದರ ಲೆಕ್ಕ ಬರದೆ ನನ್ನ ಹಾಳೆ ತುಂಬುವುದಿಲ್ಲ, ಮತ್ತು ಆ ಕುಲುಮೆಯ ಯಜಮಾನರಿಗೆ ತಮ್ಮ ಮಾಲಿನಲ್ಲಿ ನನ್ನದೆಷ್ಟು, ಬೇರೆಯವರದೆಷ್ಟು ಎಂದು ಬಿಡಿಸಿ ಹೇಳಲು ತಿಂಗಳ ಬಿಲ್ಲು ಸಾಲುವುದಿಲ್ಲ. ದೊಡ್ಡ ಕಾರ್ಖಾನೆ ಒಂದೇ ಸೂರಿನಡಿ ಎಲ್ಲವನ್ನೂ ಮಾಡುತ್ತದೆ, ಅದಕ್ಕೆ ತನ್ನದೇ ಎಂಜಿನಿಯರುಗಳೂ ಸಾಫ್ಟ್‌ವೇರೂ ಇವೆ. ಪೀಣ್ಯದಂಥ ಕಡೆ ರಸ್ತೆಯೇ ಕನ್ವೇಯರ್ ಬೆಲ್ಟ್. ನಮ್ಮ ನಡುವೆ ಲೆಕ್ಕ ಹರಿಯಬೇಕಾದರೆ ಅದಕ್ಕೆ ರಸ್ತೆ, ಚರಂಡಿಗಳಂತೆ ಸಾರ್ವಜನಿಕವಾದ ದಾರಿ ಬೇಕು.

ಎಷ್ಟು ಯೂನಿಟ್ ಎಂಬುದರ ಜೊತೆಗೆ ಯಾವ ಹೊತ್ತಿನ ಯೂನಿಟ್ ಎಂಬುದೂ ಮುಖ್ಯ. ಆ ಎಕ್ಸೆಲ್ ಹಾಳೆಯಲ್ಲಿ ನಮ್ಮ ಒಂದೊಂದು ಯೂನಿಟ್ಟಿಗೂ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಹಾಕಿದ್ದರು. ಅದು ಇಡೀ ದೇಶದ ಸರಾಸರಿ. ಕರ್ನಾಟಕದ ಮಧ್ಯಾಹ್ನದ ವಿದ್ಯುತ್ತೂ ಮಧ್ಯರಾತ್ರಿಯ ವಿದ್ಯುತ್ತೂ ಒಂದೇ ಅಲ್ಲ. ಹಗಲಿನಲ್ಲಿ ಪಾವಗಡದ 13,000 ಎಕರೆಯಷ್ಟು ನೆಲದ ಮೇಲೆ ಹರಡಿದ 2,050 ಮೆಗಾವಾಟ್ ಸೌರ ಪಾರ್ಕ್ ಒಂದೇ ಎಷ್ಟೋ ಕಾರ್ಖಾನೆಗಳನ್ನು ನಡೆಸಬಲ್ಲದು, ಮಳೆಗಾಲದಲ್ಲಿ ಶರಾವತಿಯೂ ಗಾಳಿಯೂ ಕೂಡಿಕೊಳ್ಳುತ್ತವೆ. ಸೂರ್ಯ ಮುಳುಗಿದ ಮೇಲೆ ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲಿನ ಮೇಲೆ ಭಾರ ಬೀಳುತ್ತದೆ. ನಮ್ಮ ಹಿರಿಯ ಆಪರೇಟರ್ ರಾಯಚೂರಿನ ಶಕ್ತಿನಗರದ ಕಡೆಯವರು. ಒಮ್ಮೆ ಈ ಮಾತು ಬಂದಾಗ ಅವರು, 'ನಮ್ಮ ಊರಾಗ ಮಾಳಿಗಿ ಮ್ಯಾಲೆ ಬಟ್ಟಿ ಒಣ ಹಾಕಿದ್ರ ಬೂದಿ ಬಂದು ಕೂಡ್ತಿತ್ತು ಸರ, ಇಲ್ಲಿ ರಾತ್ರಿ ಪಾಳಿಗೆ ಉರಿಯೂದು ಅದಽ ಏನು?' ಎಂದು ಕೇಳಿದರು. ಅದೇ ಎಂದು ಹೇಳಬೇಕಾಯಿತು.

ರಾಜ್ಯದ ಯಾವ ಕೇಂದ್ರದಿಂದ ಈ ಕ್ಷಣ ಎಷ್ಟು ವಿದ್ಯುತ್ ಬರುತ್ತಿದೆ ಎಂಬುದನ್ನು ನಮ್ಮ ರಾಜ್ಯ ಲೋಡ್ ಡಿಸ್‌ಪ್ಯಾಚ್ ಕೇಂದ್ರವು ತನ್ನ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ತೋರಿಸುತ್ತದೆ. ಇದು ಬಹಳ ಒಳ್ಳೆಯ ಕೆಲಸ, ಇದಕ್ಕಾಗಿ ಮನಸಾರೆ ಧನ್ಯವಾದ ಹೇಳುತ್ತೇನೆ. ಇದನ್ನೂ ನಮ್ಮ ಮೀಟರಿನ ಹದಿನೈದು ನಿಮಿಷದ ಲೆಕ್ಕವನ್ನೂ ಪಕ್ಕಪಕ್ಕದಲ್ಲಿಟ್ಟರೆ, ಹಗಲಲ್ಲಿ ತಯಾರಾದ ನನ್ನ ಬೋಲ್ಟು ಇಂಗಾಲದ ಲೆಕ್ಕದಲ್ಲಿ ದೇಶದ ಸರಾಸರಿಗಿಂತ ಎಷ್ಟು ಹಗುರ ಎಂದು ಆಧಾರಸಹಿತ ತೋರಿಸಬಹುದು. ರಾತ್ರಿ ಕರೆಂಟ್ ಅಗ್ಗ ಎಂಬ ಹಳೆಯ ನಂಬಿಕೆಯಲ್ಲೇ ಕುಲುಮೆಯನ್ನು ರಾತ್ರಿ ಕಾಯಿಸುತ್ತಾ ಬಂದಿರುವ ಯಜಮಾನರು ಅದನ್ನು ಬೆಳಿಗ್ಗೆ ಹತ್ತಕ್ಕೆ ಕಾಯಿಸುವ ಯೋಚನೆ ಮಾಡಬಹುದು. 2023ರ ಅದೇ ತಿದ್ದುಪಡಿಯು ಬಿಸಿಲಿನ ಗಂಟೆಗಳಲ್ಲಿ ದರವು ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ 20ರಷ್ಟು ಕಡಿಮೆ ಇರಬೇಕೆಂದೂ, ಬೇಡಿಕೆ ಏರಿದ ಗಂಟೆಗಳಲ್ಲಿ ವಾಣಿಜ್ಯ ಮತ್ತು ಕೈಗಾರಿಕಾ ಗ್ರಾಹಕರಿಗೆ ಕನಿಷ್ಠ 1.2 ಪಟ್ಟು ಇರಬೇಕೆಂದೂ ಹೇಳುತ್ತದೆ. ಹತ್ತು ಕಿಲೋವಾಟ್ ಮೀರಿದ ಪ್ರತಿ ಸಣ್ಣ ಕೈಗಾರಿಕೆಗೂ ಇದು ಸರಳವಾಗಿ, ಬಿಲ್ಲಿನಲ್ಲಿ ಕನ್ನಡದಲ್ಲಿ ಓದಿ ಅರ್ಥವಾಗುವಂತೆ ದಕ್ಕಬೇಕೆಂದು ನಿಯಂತ್ರಣ ಆಯೋಗವನ್ನು ವಿನಂತಿಸುತ್ತೇನೆ. ಯಾವ ಗಂಟೆಯಲ್ಲಿ ಎಷ್ಟು ಬಳಸಿದೆ ಎಂದು ತೋರಿಸದೆ ಗಂಟೆಗೊಂದು ದರ ಹಾಕಿದರೆ ಅದು ದಂಡದಂತೆ ಭಾಸವಾಗುತ್ತದೆ. ತೋರಿಸಿ ಹಾಕಿದರೆ ಪಾಳಿ ಬದಲಿಸಲು ಕಾರಣ ಸಿಗುತ್ತದೆ.

ನನ್ನ ನೆರೆಹೊರೆಯ ಮಾಲೀಕರಲ್ಲಿ ಹಲವರು ಈ ಮಾತನ್ನು ಒಪ್ಪುವುದಿಲ್ಲ, ಅವರ ಭಯವನ್ನು ಮರೆಮಾಚಿ ಬರೆದರೆ ಈ ಪತ್ರ ಪ್ರಾಮಾಣಿಕವಾಗುವುದಿಲ್ಲ. ಮಾಹಿತಿ ಒಮ್ಮೆ ಹೊರಗೆ ಹೋದರೆ ಅದು ನೋಟಿಸಾಗಿ ತಿರುಗಿ ಬರುತ್ತದೆ ಎಂಬುದು ಅವರ ಅನುಭವ. ರಾತ್ರಿ ಎಷ್ಟು ಹೊತ್ತು ಮೆಷಿನ್ ಓಡಿತು ಎಂಬುದರಿಂದ ನನಗೆ ಎಷ್ಟು ಆರ್ಡರ್ ಇದೆ ಎಂದು ನನ್ನ ಪ್ರತಿಸ್ಪರ್ಧಿ ಊಹಿಸಬಲ್ಲ, ನನ್ನಿಂದ ಕೊಳ್ಳುವ ಕಂಪನಿ ನನ್ನ ಖರ್ಚನ್ನು ನನಗಿಂತ ಚೆನ್ನಾಗಿ ತಿಳಿದುಕೊಂಡು ಬೆಲೆಯನ್ನು ಹಿಂಡಬಲ್ಲದು. ಈ ಭಯ ಸುಳ್ಳಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕಾಪಾಡುವುದು ವ್ಯಕ್ತಿಗಳ ಮಾಹಿತಿಯನ್ನು. ಒಂದು ಕಂಪನಿಯ ಮೀಟರಿನ ಲೆಕ್ಕ ಅದರ ವ್ಯಾಪ್ತಿಗೆ ಬರುವುದಿಲ್ಲ. ಹಾಗಾಗಿ ಮೀಟರಿನ ವಿವರ ಗ್ರಾಹಕನ ಒಪ್ಪಿಗೆಯಿಲ್ಲದೆ ಮೂರನೆಯವರಿಗೆ ಹೋಗಕೂಡದು, ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು, ಇಂಧನ ಉಳಿತಾಯಕ್ಕೆಂದು ಕೊಟ್ಟ ಮಾಹಿತಿಯನ್ನು ಬೇರೆ ಇಲಾಖೆ ಬೇರೆ ಉದ್ದೇಶಕ್ಕೆ ಬಳಸಕೂಡದು ಎಂದು ಆಯೋಗದ ಆದೇಶದಲ್ಲೇ ಬರೆದಿರಬೇಕು. ಹಾಗೆ ಬರೆದಿದ್ದರೆ ನನ್ನ ಬೀದಿಯ ಅರ್ಧ ಮಂದಿ ನಾಳೆಯೇ ಸಹಿ ಹಾಕುತ್ತಾರೆ.

ಇದಕ್ಕೆ ಒಂದು ಮಿತಿಯನ್ನೂ ನಾನೇ ಹೇಳುತ್ತೇನೆ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಎಲ್ಲರಿಗೂ ತಿಳಿದ ಸಂಗತಿ, ಅದು ಪ್ಲೇಟಿಂಗ್ ಕೆಲಸದಿಂದಲೇ ಬಂದದ್ದು, ನನ್ನ ಬೋಲ್ಟಿನ ಹೊಳಪೂ ಆ ಕೆಲಸದಿಂದಲೇ ಬಂದದ್ದು. ನನ್ನ ವಿದ್ಯುತ್ತಿನ ಲೆಕ್ಕ ನನ್ನ ಗುಟ್ಟಾಗಿರಬಹುದು, ಆದರೆ ಬೇರೆಯವರ ಬೋರ್‌ವೆಲ್‌ಗೆ ಇಳಿಯುವ ನೀರಿನ ಲೆಕ್ಕ ಯಾರ ಗುಟ್ಟೂ ಆಗಲಾರದು. ತ್ಯಾಜ್ಯ ನೀರು ಹೊತ್ತ ಟ್ಯಾಂಕರ್ ಎಲ್ಲಿಂದ ಹೊರಟು ಎಲ್ಲಿ ಖಾಲಿಯಾಯಿತು ಎಂಬ ಜಿಪಿಎಸ್ ದಾಖಲೆ, ಶುದ್ಧೀಕರಣ ಘಟಕದಿಂದ ಹೊರಬಿದ್ದ ನೀರಿನ ಅಳತೆ ಇವು ಪ್ರತಿದಿನ ಬಹಿರಂಗವಾಗಿರಲಿ. ಈ ಸಾಲುಗಳಿಂದ ನನ್ನ ಕೆಲವು ಸ್ನೇಹಿತರಿಗೆ ಬೇಸರವಾಗುತ್ತದೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಇನ್ನು ಎಲ್ಲರನ್ನೂ ಅಳೆಯುವ ವ್ಯವಸ್ಥೆಯ ಸ್ವಂತ ಲೆಕ್ಕ. 'ಕ್ಲೌಡ್' ಎಂಬ ಹೆಸರು ಕೇಳಿದರೆ ಅದಕ್ಕೆ ತೂಕವೇ ಇಲ್ಲವೆನ್ನಿಸುತ್ತದೆ. ಮೋಡವೆಂದು ಕರೆದದ್ದು ಇರುವುದು ಗೋಡೆ, ಟ್ರಾನ್ಸ್‌ಫಾರ್ಮರ್, ಡೀಸೆಲ್ ಜನರೇಟರ್ ಮತ್ತು ತಂಪುಗೊಳಿಸುವ ಗೋಪುರಗಳಿರುವ, ಡೇಟಾ ಸೆಂಟರ್ ಎಂಬ ಕಟ್ಟಡದಲ್ಲಿ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಡೇಟಾ ಸೆಂಟರ್‌ಗಳು 2024ರಲ್ಲಿ ಸುಮಾರು 415 ಟೆರಾವಾಟ್ ಗಂಟೆಗಳಷ್ಟು, ಅಂದರೆ 41,500 ಕೋಟಿ ಯೂನಿಟ್ ವಿದ್ಯುತ್ ಬಳಸಿದವು. ಜಗತ್ತಿನ ಒಟ್ಟು ಬಳಕೆಯಲ್ಲಿ ಇದು ಶೇ 1.5ರಷ್ಟು, 2030ರ ವೇಳೆಗೆ ಎರಡು ಪಟ್ಟಿಗೂ ಮೀರಬಹುದು. ಸರಾಸರಿ ಚಿಕ್ಕದಾಗಿ ಕಂಡರೂ ಅವು ಒಂದೇ ಕಡೆ ಗುಂಪುಗೂಡಿದಾಗ ಏನಾಗುತ್ತದೆ ಎಂಬುದಕ್ಕೆ ಐರ್ಲೆಂಡ್ ಸಾಕ್ಷಿ. ಅಲ್ಲಿ 2015ರಲ್ಲಿ ಮೀಟರಾದ ವಿದ್ಯುತ್ತಿನ ಶೇ 5ರಷ್ಟನ್ನು ಬಳಸುತ್ತಿದ್ದ ಡೇಟಾ ಸೆಂಟರ್‌ಗಳು 2024ರಲ್ಲಿ ಶೇ 22ರಷ್ಟನ್ನು ಬಳಸಿದವು, ಡಬ್ಲಿನ್ ಸುತ್ತ ಹೊಸ ಸಂಪರ್ಕ ಕೊಡುವುದನ್ನೇ ತಡೆಹಿಡಿಯಬೇಕಾಯಿತು. ಇದು ನಮಗೆ ತಿಳಿದಿರುವುದಾದರೂ ಹೇಗೆ? ಅಲ್ಲಿನ ಕೇಂದ್ರ ಅಂಕಿಅಂಶ ಕಚೇರಿ ಆ ಲೆಕ್ಕವನ್ನು ಪ್ರತಿ ವರ್ಷ ಪ್ರಕಟಿಸುತ್ತದೆ. ಬೆಂಗಳೂರಿನ ಡೇಟಾ ಸೆಂಟರ್‌ಗಳದು ಹಾಗೆ ಪ್ರಕಟವಾಗಲಿ ಎಂಬುದೇ ನನ್ನ ಕೋರಿಕೆ.

ನೀರಿನ ವಿಷಯದಲ್ಲಿ ಇದು ಇನ್ನೂ ಜರೂರು. ನಮ್ಮ ನಗರದ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪಾಗಿ ಬರುತ್ತದೆ. ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಏರಿಸಲು ಪಂಪಿನ ನಷ್ಟ, ಪೈಪಿನ ಘರ್ಷಣೆ ಯಾವುದನ್ನೂ ಸೇರಿಸದ ಭೌತಶಾಸ್ತ್ರದ ಬರಿಯ ಲೆಕ್ಕವೇ ಸುಮಾರು 1.36 ಯೂನಿಟ್ ಆಗುತ್ತದೆ. ಹಾಗಾಗಿ ಬೆಂಗಳೂರಿನಲ್ಲಿ ನೀರು ಉಳಿಸುವುದೆಂದರೆ ವಿದ್ಯುತ್ ಉಳಿಸುವುದೇ. ನೀರಿನಿಂದ ತಂಪುಗೊಳಿಸುವ ಡೇಟಾ ಸೆಂಟರ್‌ಗಳಿಗೆ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 1.8 ಲೀಟರ್ ನೀರು ಎಂಬುದು ಅಮೆರಿಕದಲ್ಲಿ ಬಳಕೆಯಲ್ಲಿರುವ ಸರಾಸರಿ ಅಂದಾಜು. ಆ ಲೆಕ್ಕದಲ್ಲಿ, ಬಿಡುವಿಲ್ಲದೆ 10 ಮೆಗಾವಾಟ್ ಬಳಸುವ ಒಂದು ಕೇಂದ್ರಕ್ಕೆ ದಿನಕ್ಕೆ 4.32 ಲಕ್ಷ ಲೀಟರ್, ಅಂದರೆ 12,000 ಲೀಟರಿನ 36 ಟ್ಯಾಂಕರ್. ಗಾಳಿಯಿಂದ ತಂಪುಗೊಳಿಸುವ ಕೇಂದ್ರಕ್ಕೆ ಇಷ್ಟು ಬೇಡ, ಅದಕ್ಕೆ ವಿದ್ಯುತ್ ಹೆಚ್ಚು ಬೇಕಾಗಬಹುದು. ನಮ್ಮಲ್ಲಿ ಯಾವುದು ಹೇಗೆ ನಡೆಯುತ್ತಿದೆ ಎಂಬುದು ಜನರಿಗೆ ಕಾಣುವಂತಿರಬೇಕು. 2024ರ ಮಾರ್ಚ್ ತಿಂಗಳಿನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡ ಹಾಕಿದ ಊರು ಇದು. ನಮ್ಮ ಶೆಡ್ಡಿನಲ್ಲಿಯೂ ಆಗ ಕೈ ತೊಳೆಯುವ ನಲ್ಲಿಗೆ ಬೀಗ ಹಾಕಿ, ಎರಡು ಬಕೆಟ್ ನೀರಿನಲ್ಲಿ ಹದಿನಾಲ್ಕು ಜನ ಎಣ್ಣೆಗೈ ತೊಳೆದುಕೊಂಡಿದ್ದೇವೆ. ಅದಕ್ಕೆ ನಮಗೆ ಬೇಸರವಿಲ್ಲ. ಬಕೆಟ್ಟಿಗೆ ಲೆಕ್ಕವಿದ್ದಂತೆ ಗೋಪುರಕ್ಕೂ ಲೆಕ್ಕವಿರಲಿ ಎನ್ನುತ್ತೇವೆ.

ಡೇಟಾ ಸೆಂಟರ್‌ಗಳ ವಿರುದ್ಧ ನಾನು ಬರೆಯುತ್ತಿಲ್ಲ. ಒಂದೊಂದು ಕಚೇರಿಯ ಮೂಲೆಯಲ್ಲಿ ಎಸಿ ಹಾಕಿ ಇಟ್ಟ ನೂರಾರು ಸರ್ವರ್‌ಗಳಿಗಿಂತ ಒಂದು ಸುಸಜ್ಜಿತ ಕೇಂದ್ರ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಕೆಲಸ ಮಾಡುತ್ತದೆ, ಮತ್ತು ನನ್ನ ಕಂಪ್ರೆಸರಿನ ಗರಗಸದ ಹಲ್ಲುಗಳು ನನಗೆ ಕಂಡದ್ದೂ ಅಂಥದೇ ಎಲ್ಲಿಯೋ ಒಂದು ಕಟ್ಟಡದ ಮೂಲಕ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿರುವ ನಗರಕ್ಕೆ, ತಂಪುಗೊಳಿಸಲು ಸಂಸ್ಕರಿಸಿದ ನೀರನ್ನೇ ಬಳಸಿ ಎಂದು ಹೇಳುವ ಅಧಿಕಾರವೂ ಅನುಭವವೂ ಇದೆ. ರಾಜ್ಯದ 2022ರ ಡೇಟಾ ಸೆಂಟರ್ ನೀತಿಯಡಿ ರಿಯಾಯಿತಿ ಪಡೆಯುವ ಪ್ರತಿಯೊಂದು ಕೇಂದ್ರವೂ ತನ್ನ ವಿದ್ಯುತ್, ಅದರ ಮೂಲ, ನೀರು, ನೀರಿನ ಮೂಲ ಮತ್ತು ಜನರೇಟರಿನ ಗಂಟೆಗಳನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸಬೇಕೆಂದು ಷರತ್ತು ಹಾಕಿ. ಹದಿನಾಲ್ಕು ಜನರ ಶೆಡ್ಡಿನಿಂದ ಹದಿನೈದು ದಿನಗಳಲ್ಲಿ ಕೇಳುವ ಲೆಕ್ಕವನ್ನು ಅಷ್ಟು ದೊಡ್ಡ ಸಂಸ್ಥೆಗಳಿಂದ ಕೇಳುವುದು ಅತಿಯಾದ ನಿರೀಕ್ಷೆಯಲ್ಲ.

ಮೀಟರು, ಸೆನ್ಸರುಗಳ ಆಯುಸ್ಸಿನ ಬಗ್ಗೆಯೂ ಒಂದು ಮಾತು. ನಮ್ಮ ಹಳೆಯ ಸಿಎನ್‌ಸಿ ಮೆಷಿನ್ನಿನ ಕಂಟ್ರೋಲ್ ಬೋರ್ಡ್ ಕೈಕೊಟ್ಟಾಗ, ಈ ಮಾದರಿಗೆ ಬಿಡಿಭಾಗವಿಲ್ಲ, ಹೊಸದೇ ಕೊಳ್ಳಿ ಎಂದಿದ್ದರು. ಎಸ್‌ಪಿ ರಸ್ತೆಯ ಮಹಡಿಯ ಮೇಲಿನ ಪುಟ್ಟ ಅಂಗಡಿಯಲ್ಲಿ ಕುಳಿತ ಹುಡುಗನೊಬ್ಬ ಭೂತಗನ್ನಡಿ ಹಿಡಿದು ಎರಡು ಕೆಪಾಸಿಟರ್ ಬದಲಿಸಿಕೊಟ್ಟ, ಅದು ಇಂದಿಗೂ ನಡೆಯುತ್ತಿದೆ. ನಗರಕ್ಕೆ ಕೊಳ್ಳುವ ಲಕ್ಷಾಂತರ ಮೀಟರು, ಸೆನ್ಸರುಗಳ ಟೆಂಡರಿನಲ್ಲಿ ಅವನ್ನು ಬಿಚ್ಚಿ ದುರಸ್ತಿ ಮಾಡಲು ಬರಬೇಕು, ಅದರ ನಕ್ಷೆ ಸಿಗಬೇಕು ಎಂಬ ಒಂದು ಸಾಲು ಸೇರಿದರೆ, ಮುಂದಿನ ಹತ್ತು ವರ್ಷಗಳ ಇ-ತ್ಯಾಜ್ಯದಲ್ಲಿ ಒಂದು ಪಾಲು ಇಂಥ ಅಂಗಡಿಗಳಿಗೆ ಅನ್ನವಾಗುತ್ತದೆ.

ಇದನ್ನೆಲ್ಲ ಇಡೀ ನಗರದಲ್ಲಿ ಒಂದೇ ಸಲ ಮಾಡಿ ಎಂದು ಕೇಳುತ್ತಿಲ್ಲ. ಪೀಣ್ಯದಲ್ಲಿ ಒಂದು ಫೀಡರ್, ಅಂದರೆ ಉಪಕೇಂದ್ರದಿಂದ ಹೊರಡುವ ಒಂದು ವಿದ್ಯುತ್ ಮಾರ್ಗ, ಆರಿಸಿಕೊಳ್ಳಿ. ಅದರ ಮೇಲಿರುವ ಶೆಡ್ಡುಗಳಲ್ಲಿ ಒಪ್ಪಿದವರಿಗೆಲ್ಲ ಸ್ಮಾರ್ಟ್ ಮೀಟರಿನ ಹದಿನೈದು ನಿಮಿಷದ ಲೆಕ್ಕವನ್ನು ಒಂದು ವರ್ಷ ಕೊಡಿ, ಅದರ ಪಕ್ಕದಲ್ಲಿ ಆ ಹೊತ್ತಿನ ರಾಜ್ಯದ ವಿದ್ಯುತ್ ಮೂಲವನ್ನು ತೋರಿಸಿ. ತಿಂಗಳಿಗೊಮ್ಮೆ ಒಬ್ಬ ಎಂಜಿನಿಯರ್ ಬಂದು ಆಪರೇಟರುಗಳ ಜೊತೆ ಕನ್ನಡದಲ್ಲಿ ಕುಳಿತು ಮಾತನಾಡುವಂತೆ ಮಾಡಿ, ಏಕೆಂದರೆ ಸ್ವಿಚ್ ಆರಿಸುವುದು ಅವರು, ನಾನಲ್ಲ. ಸೋರಿಕೆ ಕಂಡ ಮೇಲೆ ಸರಿಪಡಿಸಲು ಹಣ ಬೇಕಾದವರಿಗೆ ಅದೇ ಲೆಕ್ಕವನ್ನು ಆಧಾರವಾಗಿಟ್ಟುಕೊಂಡು ಬ್ಯಾಂಕ್ ಸಾಲ ಸಿಗುವಂತಾಗಲಿ.

ಕಂಪನಿಗೆ ಮತ್ತೆ ತುಂಬಿಕೊಡಬೇಕಾದ ಈ ವರ್ಷದ ಹಾಳೆ ನನ್ನ ಮೇಜಿನ ಮೇಲಿದೆ. ನಮ್ಮ ಶೆಡ್ಡಿನ ಕಾಲಮ್ಮುಗಳನ್ನು ಈ ಬಾರಿ ಮೆಷಿನ್ ಮೆಷಿನ್ನಿಗೂ ಅಳೆದು ತುಂಬಿದ್ದೇನೆ. ಹೊರಗೆ ಕೊಟ್ಟ ಕೆಲಸದ ಕಾಲಮ್ ಖಾಲಿಯಿದೆ. ಕುಲುಮೆಯ ಯಜಮಾನರು, ಪ್ಲೇಟಿಂಗ್ ಮಾಡುವವರು, ಪ್ಯಾಕಿಂಗಿನವರು ಮತ್ತು ನಾನು ಕಳೆದ ವಾರ ನಮ್ಮ ಶೆಡ್ಡಿನಲ್ಲಿ ಚಹಾ ಕುಡಿಯುತ್ತಾ ಈ ಪತ್ರವನ್ನು ಒಟ್ಟಿಗೆ ಓದಿದೆವು, ಕ್ರೋಮಿಯಂ ಬಗೆಗಿನ ಸಾಲುಗಳನ್ನು ತೆಗೆಯಬೇಡಿ ಎಂದು ಹೇಳಿದವರು ಪ್ಲೇಟಿಂಗಿನವರೇ. ನಮ್ಮ ನಾಲ್ಕೂ ಸಂಪರ್ಕಗಳ ಆರ್‌ಆರ್ ಸಂಖ್ಯೆಗಳನ್ನು, ಪ್ರಯೋಗಕ್ಕೆ ನಮ್ಮ ಒಪ್ಪಿಗೆಯನ್ನು ಮತ್ತು ನಾಲ್ವರ ಸಹಿಯನ್ನು ತಮ್ಮ ಕಚೇರಿಗೆ ಸಲ್ಲಿಸುವ ಪ್ರತಿಯ ಜೊತೆಗೆ ಲಗತ್ತಿಸಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಪೀಣ್ಯ ಎರಡನೇ ಹಂತದ ಒಬ್ಬ ಸಣ್ಣ ಕೈಗಾರಿಕೋದ್ಯಮಿ